ಎಳ್ಳುಬೆಲ್ಲದ ದಿನ ನಾನು ಬಿಟ್ಟ ಸಾಲು

ಫೆಬ್ರವರಿ ಕೊನೆಯ ವಾರ ನನ್ನ ತಮ್ಮನ ಮಗಳಿಗೆ ಇಪ್ಪತ್ತೊಂದು ತುಂಬುವುದಿತ್ತು. ಬೇರೆ ಮನೆಗಳಲ್ಲಾದರೆ ಕೇಕು, ಬಲೂನು, ಗಲಾಟೆ. ನಮ್ಮಲ್ಲಿ ಆ ತಾರೀಖನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಮೆರಿಕಕ್ಕೆ ಬಂದಾಗ ಆ ಮಗುವಿಗೆ ಎರಡು ವರ್ಷ. ತಮ್ಮ ಕೆಲಸದ ವೀಸಾದಲ್ಲಿ ಬಂದವನು. ಗ್ರೀನ್ ಕಾರ್ಡಿನ ಕ್ಯೂನಲ್ಲಿ ನಿಂತು ನಿಂತು ಅವನ ತಲೆ ಬೆಳ್ಳಗಾಯಿತೇ ಹೊರತು ಕ್ಯೂ ಕರಗಲಿಲ್ಲ. ಮಗಳು ಇದ್ದದ್ದು ಅಪ್ಪನ ವೀಸಾದ ಆಸರೆಯಲ್ಲಿ, ಇಪ್ಪತ್ತೊಂದು ತುಂಬಿದ ದಿನ ಆ ಆಸರೆ ತಪ್ಪಿಹೋಗುತ್ತದೆ. ಅದಕ್ಕೆ ಮುಂಚೆ ತಮ್ಮ ಹಿಡಿದಿದ್ದ ಲಾಯರ್ ಮೂಲಕ ಸ್ಟೂಡೆಂಟ್ ವೀಸಾಗೆ ಅರ್ಜಿ ಹೋಗಿರಬೇಕು. ಹೋಗದಿದ್ದರೆ ಓದು ಅರ್ಧಕ್ಕೆ ಬಿಟ್ಟು, ತಾನು ಬೇಸಿಗೆ ರಜೆಯಲ್ಲಿ ಮಾತ್ರ ನೋಡಿದ್ದ ಮೈಸೂರಿಗೆ ಗಂಟುಮೂಟೆ ಕಟ್ಟಬೇಕು.

ತಮ್ಮನ ಮನೆ ಹ್ಯೂಸ್ಟನ್ ಆಚೆ ಫುಲ್‌ಶೀರ್‌ನಲ್ಲಿ. ನಾವು ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿ. ಅವಳು ಓದುತ್ತಿದ್ದದ್ದು ಆಸ್ಟಿನ್‌ನಲ್ಲಿ. ನನ್ನ ಗಂಡ ಬಂದ ಕಾಲಕ್ಕೆ ಕ್ಯೂ ಇಷ್ಟುದ್ದ ಇರಲಿಲ್ಲ, ನಾವು ಸಿಟಿಜನ್ ಆಗಿ ಎಷ್ಟೋ ವರ್ಷವಾಯಿತು. ಅದರಲ್ಲಿ ನಮ್ಮ ಜಾಣತನ ಏನೂ ಇಲ್ಲ, ಬರೀ ಅದೃಷ್ಟ. "ನಮ್ಮ ಮನೆಯಲ್ಲಿ ಓಟು ಇರೋದು ನಿನಗೆ, ಭಾವನಿಗೆ ಇಬ್ಬರಿಗೇ ಅಕ್ಕ" ಅನ್ನುತ್ತಿದ್ದ ತಮ್ಮ. "ಭಾವ ಯಾರಿಗೆ ಹಾಕ್ತಾರೋ ಆ ಚಾಮುಂಡಿಗೇ ಗೊತ್ತು. ನಿನ್ನದು ಮಾತ್ರ ನಂದು."

ಅದು ಪ್ರೆಸಿಡೆಂಟ್ ಚುನಾವಣೆಯ ವರ್ಷ. ಮಾರ್ಚ್ ಮೊದಲಲ್ಲಿ ಟೆಕ್ಸಸ್‌ನ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಜನವೇ ಓಟು ಹಾಕಿ ಆರಿಸುವುದು. ನಿಂತವರಲ್ಲಿ ಒಬ್ಬರು ವಾಷಿಂಗ್ಟನ್‌ನ ಸದನದಲ್ಲಿ ಬಹಳ ವರ್ಷ ಕೂತವರು. ಹಿಂದಿನ ದಸರೆಯ ಹೊತ್ತಿಗೇ ಹ್ಯೂಸ್ಟನ್‌ಗೆ ಬಂದು ಭಾರತೀಯರ ಮುಂದೆ ಭಾಷಣ ಮಾಡಿದರು. ನನ್ನ ತಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದ. ಮುಗಿದ ಮೇಲೆ ನುಗ್ಗಿ ಹೋಗಿ ಮಗಳ ವಿಷಯ ಹೇಳಿದನಂತೆ. ಅವರು ಇವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, ಇಂಥ ಮಕ್ಕಳನ್ನು ಇಲ್ಲೇ ಉಳಿಸುವ ಮಸೂದೆ ತಂದವರಲ್ಲಿ ನನ್ನ ಸಹಿಯೂ ಇದೆ, ಈ ಚಳಿಗಾಲದೊಳಗೆ ಅದನ್ನು ಪಾಸ್ ಮಾಡಿಸುತ್ತೇನೆ ಅಂದರಂತೆ. ಅಷ್ಟೇ, ನನ್ನ ತಮ್ಮ ಅವರ ಭಕ್ತನಾದ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅಂತಾರಲ್ಲ, ಇವನಿಗಂತೂ ಎರಡು ಕೈಯೇ ಸಿಕ್ಕಿತ್ತು. ಓಟಿಲ್ಲದ ಮನುಷ್ಯ ಶನಿವಾರ ಭಾನುವಾರ ಮನೆಮನೆಗೆ ಹೋಗಿ ಅವರ ಪರ ಮಾತಾಡಲು ಶುರುಮಾಡಿದ.

ಡಿಸೆಂಬರ್‌ನಲ್ಲಿ ಫೋನ್ ಮಾಡಿದ. "ಅಕ್ಕ, ಸಂಕ್ರಾಂತಿ ಎಳ್ಳುಬೆಲ್ಲ ನಮ್ಮ ಸಬ್‌ಡಿವಿಷನ್‌ನ ಕ್ಲಬ್‌ಹೌಸ್‌ನಲ್ಲಿ ಇಟ್ಕೊಂಡಿದೀವಿ. ಜನವರಿ ಕೊನೇ ಶನಿವಾರ. ಕನ್ನಡದವರು ಒಂದು ನಲವತ್ತು ಜನ ಬರ್ತಾರೆ, ಮುಕ್ಕಾಲು ಪಾಲು ಸಿಟಿಜನ್ಸು. ನಮ್ಮ ಕ್ಯಾಂಡಿಡೇಟ್ ಏನೇನು ಹೇಳಿದಾರೆ, ಸದನದಲ್ಲಿ ಏನೇನು ಮಾಡಿದಾರೆ, ಎಲ್ಲಾ ನೀನು ಕನ್ನಡದಲ್ಲಿ ಓದಿ ಹೇಳು. ನಿನ್ನ ಮಾತು ಅಂದ್ರೆ ಜನ ನಂಬ್ತಾರೆ."

"ನಾನ್ಯಾಕೋ? ನಿನ್ನ ಬಾಯಿಗೆ ಏನಾಗಿದೆ?"

"ನೀನು ವಿಧಾನಸೌಧದಲ್ಲಿ ಇದ್ದವಳು."

ಅದು ನಿಜ. ಮದುವೆಗೆ ಮುಂಚೆ ಒಂಬತ್ತು ವರ್ಷ ನಾನು ವಿಧಾನಸಭೆಯಲ್ಲಿ ಶಾರ್ಟ್‌ಹ್ಯಾಂಡ್ ವರದಿಗಾರ್ತಿ. ಸಭಾಧ್ಯಕ್ಷರ ಪೀಠದ ಮುಂದೆ ಸದಸ್ಯರು ನುಗ್ಗಿ ಕೂಗಾಡುವ ಜಾಗಕ್ಕೆ ಬಾವಿ ಅನ್ನುತ್ತಾರೆ, ಅದರ ಪಕ್ಕದಲ್ಲೇ ನಮ್ಮ ಮೇಜು. ಸರದಿಯ ಪ್ರಕಾರ ಹೋಗಿ ಕೂತು, ಬಿದ್ದ ಮಾತನ್ನೆಲ್ಲ ಬರೆದುಕೊಂಡು, ಓಡಿಬಂದು ಟೈಪ್ ಮಾಡಬೇಕು. ನಮಗೆ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿದ್ದರು: "ನಿಮ್ಮ ಅಭಿಪ್ರಾಯ ನಿಮ್ಮ ಊಟದ ಡಬ್ಬಿಯಲ್ಲಿರಲಿ. ಅವರು ಅಂದದ್ದೆಲ್ಲ ಇಲ್ಲಿ ಬರಬೇಕು." ಒಂದು ಮಾತು ಬಿಡಬೇಕಾದರೆ ಸಭಾಧ್ಯಕ್ಷರು "ಕಡತದಿಂದ ತೆಗೆಯಿರಿ" ಅನ್ನಬೇಕು. ಬೇರೆ ಯಾರು ಗದರಿದರೂ, ಯಾರು ಕಣ್ಣು ಬಿಟ್ಟರೂ ಬಿಡುವ ಹಾಗಿಲ್ಲ. ಆ ಒಂಬತ್ತು ವರ್ಷದಲ್ಲಿ ನಾನಾಗಿ ಒಂದು ಸಾಲು ಬಿಟ್ಟವಳಲ್ಲ. ಈ ವಿಷಯದಲ್ಲಿ ನನಗೆ ಜಂಬವೂ ಇತ್ತು.

ಇನ್ನೊಂದು ಮಾತು. ನನ್ನ ತಮ್ಮ ಚಿಕ್ಕಂದಿನಿಂದಲೂ ಯಾವ ಕಾಗದವನ್ನೂ ತಾನೇ ಓದಿದವನಲ್ಲ. ಮಾರ್ಕ್ಸ್ ಕಾರ್ಡ್ ಬಂದರೆ ನನ್ನ ಕೈಗೆ. ಕೆಲಸದ ಆರ್ಡರ್ ಬಂದರೆ ನನ್ನ ಕೈಗೆ. ಇಲ್ಲಿ ಮನೆ ಕೊಂಡಾಗ ಅಷ್ಟು ದಪ್ಪ ಕಟ್ಟು ಸ್ಕ್ಯಾನ್ ಮಾಡಿ ಕಾಪೆಲ್‌ಗೆ ಕಳಿಸಿ, ನಾನು ಸರಿ ಅಂದ ಮೇಲೇ ಸಹಿ ಹಾಕಿದ. "ಅಕ್ಕ ನೋಡಿದ್ರೆ ಸಾಕು" ಅನ್ನುವುದು ಅವನ ಜನ್ಮದ ಮಾತು. ದೊಡ್ಡ ಇಂಜಿನಿಯರ್, ಮಹಾರಾಯ, ಆದರೂ ಹಾಗೇ.

ಕ್ರಿಸ್‌ಮಸ್ ರಜೆಯಲ್ಲಿ ಕೂತೆ. ಬೆಳಿಗ್ಗೆ ಕಾಫಿ ಮುಗಿಸಿ ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್, ಉದ್ದ ಹಾಳೆಗಳು. ಹಾಳೆಯ ನಡುವೆ ಗೆರೆ ಎಳೆದು ಎಡಗಡೆ "ಹೇಳಿದ್ದು", ಬಲಗಡೆ "ಮಾಡಿದ್ದು" ಅಂತ ಬರೆದೆ. ಆರೋಗ್ಯ ವಿಮೆ, ವಯಸ್ಸಾದವರ ಔಷಧಿ, ಶಾಲೆಗಳು, ಬಂದೂಕು, ತೆರಿಗೆ, ವೀಸಾ. ಈ ದೇಶದ ಸದನದಲ್ಲಿ ಒಂದು ಸುಖ ಇದೆ. ನಮ್ಮಲ್ಲಿ ಬಹುಪಾಲು ಧ್ವನಿಮತ, ಯಾರು ಹೌದು ಅಂದರು, ಯಾರು ಇಲ್ಲ ಅಂದರು ಅಂತ ಆ ಗದ್ದಲದಲ್ಲಿ ದೇವರಿಗೂ ತಿಳಿಯುತ್ತಿರಲಿಲ್ಲ. ಇಲ್ಲಿ ಮುಖ್ಯವಾದ ಎಷ್ಟೋ ಮತದಾನಗಳಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಹೌದು, ಇಲ್ಲ ಅಂತ ಬರೆದು ಇಂಟರ್‌ನೆಟ್‌ನಲ್ಲಿ ಇಟ್ಟಿರುತ್ತಾರೆ. ಓದುವ ತಾಳ್ಮೆ ಬೇಕು ಅಷ್ಟೇ. "ನಿನ್ನ ತಮ್ಮನ ಚುನಾವಣೆಗೆ ನಮ್ಮ ಮನೆಯ ಊಟ ಬಂದ್" ಅಂತ ನನ್ನ ಗಂಡ ಗೊಣಗಿಕೊಂಡು ಉಪ್ಪಿಟ್ಟು ಕಲಕಿದರು.

ಮೊದಮೊದಲು ನನಗೂ ಖುಷಿಯಾಯಿತು. ಔಷಧಿಯ ಬೆಲೆಯ ವಿಷಯದಲ್ಲಿ ಹೇಳಿದ್ದಕ್ಕೂ ಮಾಡಿದ್ದಕ್ಕೂ ತಾಳೆ ಆಯಿತು. ಶಾಲೆಯ ವಿಷಯದಲ್ಲೂ ಆಯಿತು. ತೆರಿಗೆಯಲ್ಲಿ ಸ್ವಲ್ಪ ಜಾರಿದ್ದರು, ಯಾರು ಜಾರುವುದಿಲ್ಲ? ನಮ್ಮ ಮಕ್ಕಳ ಮಸೂದೆಗೆ ಸಹಿ ಇದ್ದದ್ದೂ ನಿಜವೇ. ಕಣ್ಣಾರೆ ನೋಡಿದೆ.

ಹೊಸ ವರ್ಷದ ಮಾರನೇ ದಿನ ಆ ಇನ್ನೊಂದು ಸಾಲು ಸಿಕ್ಕಿತು. ಆ ಮಸೂದೆ ಅದೇ ರೂಪದಲ್ಲಿ ಎಂದೂ ಮತಕ್ಕೆ ಬಂದಿರಲಿಲ್ಲ. ಆದರೆ ಎರಡು ವರ್ಷದ ಹಿಂದೆ ಅದೇ ವಿಷಯವನ್ನು ಒಂದು ದೊಡ್ಡ ಮಸೂದೆಗೆ ತಿದ್ದುಪಡಿ ಅಂತ ಯಾರೋ ತಂದಿದ್ದರು. ಹೆಸರು ಹಿಡಿದು ಮತಕ್ಕೆ ಹಾಕಿದ್ದರು. ಇವರ ಹೆಸರಿನ ಮುಂದೆ "ಇಲ್ಲ" ಅಂತ ಇತ್ತು. ಸಹಿ ಹಾಕಿದ ಕೈಯೇ ವಿರುದ್ಧ ಓಟು ಹಾಕಿತ್ತು.

ಮತ್ತೆ ಮತ್ತೆ ನೋಡಿದೆ. ಬೇರೆ ಯಾರದೋ ಹೆಸರು ಇರಬಹುದು ಅಂತ ರಾಜ್ಯ ನೋಡಿದೆ, ತಾರೀಖು ನೋಡಿದೆ. ಅವರೇ. ಕಾರಣ ಇದ್ದಿರಬಹುದು. ತಿದ್ದುಪಡಿ ಸೇರಿಸಿದರೆ ದೊಡ್ಡ ಮಸೂದೆಯೇ ಬಿದ್ದುಹೋಗುತ್ತಿತ್ತು ಅಂತ ಪಕ್ಷದವರು ಹೇಳಿದ್ದಿರಬಹುದು. ಇಂಥ ಆಟಗಳನ್ನು ನಾನು ಬೆಂಗಳೂರಿನಲ್ಲಿ ಎಷ್ಟೋ ಬರೆದುಕೊಂಡಿದ್ದೇನೆ. ಆದರೆ ಹ್ಯೂಸ್ಟನ್‌ನಲ್ಲಿ ನನ್ನ ತಮ್ಮನ ಕೈ ಹಿಡಿದುಕೊಂಡವರು ಸಹಿಯ ಮಾತು ಹೇಳಿದ್ದರು, ಈ ಮಾತು ಹೇಳಿರಲಿಲ್ಲ. ನನಗೆ ಹೊಟ್ಟೆ ಉರಿದುಹೋಯಿತು. ಬಲಗಡೆ ಆ ಸಾಲನ್ನು ಬರೆದು, ಅಡಿಗೆರೆ ಎಳೆದೆ.

ನಾಲ್ಕೈದು ದಿನ ಬಿಟ್ಟು ತಮ್ಮನ ಫೋನ್.

"ಅಕ್ಕ, ಹೇಗಿದೆ ರೆಕಾರ್ಡು?"

ಅವನ ದನಿ ಕೇಳಿದೆ. ಮಗಳು ಹುಟ್ಟಿದ ದಿನ ಆಸ್ಪತ್ರೆಯಿಂದ ಫೋನ್ ಮಾಡಿದ್ದಾಗ ಇದ್ದ ದನಿ ಅದು. ಈಗ ಹೇಳಿದರೆ ಇವನ ಮುಖ ಹೇಗಾಗುತ್ತದೋ ಅನ್ನಿಸಿತು. ಎದುರಿಗೆ ಕೂರಿಸಿಕೊಂಡು ನಿಧಾನಕ್ಕೆ ಹೇಳೋಣ ಅಂದುಕೊಂಡೆ.

"ಚೆನ್ನಾಗಿದೆ ಕಣೋ. ಕೆಲಸ ಮಾಡಿರೋ ಮನುಷ್ಯರು" ಅಂದೆ.

"ನಮ್ಮ ವಿಷಯ?"

"ಮಸೂದೆಗೆ ಸಹಿ ಇದೆ. ನೋಡಿದೆ."

"ಅಷ್ಟು ಸಾಕು" ಅಂದು ಇಟ್ಟುಬಿಟ್ಟ. ನಾನು ಆಡಿದ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಹಾಗಂತ ಸಮಾಧಾನ ಮಾಡಿಕೊಂಡು ಅಂದು ಚೆನ್ನಾಗಿ ನಿದ್ದೆ ಮಾಡಿದೆ ಅನ್ನುವುದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಎಳ್ಳುಬೆಲ್ಲದ ಶನಿವಾರ ಬೆಳಗಿನ ಜಾವವೇ ನಾನೊಬ್ಬಳೇ ಹೊರಟೆ. ಆಸ್ಟಿನ್‌ನಲ್ಲಿ ಹುಡುಗಿಯನ್ನು ಹತ್ತಿಸಿಕೊಂಡು ಫುಲ್‌ಶೀರ್‌ಗೆ ಹೋಗುವುದು ಅಂತ ಮಾತಾಗಿತ್ತು. ಹಿಂದಿನ ಸೀಟಿನಲ್ಲಿ ಎಳ್ಳುಬೆಲ್ಲದ ಡಬ್ಬಿ. ಕೊಬ್ಬರಿ, ಬೆಲ್ಲ ಎರಡನ್ನೂ ನಾನೇ ಕೂತು ಹೆಚ್ಚಿದ್ದೆ. ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ ಎಳ್ಳುಬೆಲ್ಲ ನನಗೆ ಆಗುವುದಿಲ್ಲ.

ಅವಳು ಕನ್ನಡ ಪೂರ್ತಿ ತಿಳಿಯುವ, ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗು. ಕಾರಿನಲ್ಲಿ ಬಹಳ ಹೊತ್ತು ಕಿಟಕಿ ಕಡೆ ನೋಡಿಕೊಂಡು ಕೂತಿದ್ದಳು. "ಏನಮ್ಮ, ಮಾತೇ ಇಲ್ಲ?" ಅಂದೆ. ಸ್ನೇಹಿತೆಯರೆಲ್ಲ ಬೇಸಿಗೆಗೆ ಇಂಟರ್ನ್‌ಶಿಪ್ ಮಾತಾಡುತ್ತಾರೆ, ನಾನು ಬೇಸಿಗೆಗೆ ಎಲ್ಲಿರ್ತೀನೋ ಅಂತ ಯೋಚನೆ ಮಾಡ್ತೀನಿ ಅತ್ತೆ, ಅಂತ ಇಂಗ್ಲಿಷಿನಲ್ಲಿ ಹೇಳಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಹೇಳಲು ಸುಲಭವಾಗುತ್ತಿತ್ತು. "ಲಾಯರ್ ನೋಡ್ಕೊಳ್ತಾರೆ ಬಿಡು" ಅಂದೆ. ಅವಳು ತಿರುಗಿ ನನ್ನ ಮುಖ ನೋಡಿದಳು. ಆ ನೋಟ ಏನು ಅಂತ ನಾನು ಕೇಳಲಿಲ್ಲ. ರಸ್ತೆಯಲ್ಲಿ ಟ್ರಕ್ಕುಗಳ ಸಾಲು, ಕಣ್ಣು ಅತ್ತ ಇತ್ತ ಮಾಡುವ ಹಾಗಿರಲಿಲ್ಲ.

ಸಭೆಗೆ ಮುಂಚೆ ತಮ್ಮನನ್ನು ಪಕ್ಕಕ್ಕೆ ಕರೆದು ಹೇಳುವುದು ಅಂತ ನನ್ನ ಲೆಕ್ಕ. ಹೋಗಿ ನೋಡಿದರೆ ಅವನು ಕೈಗೆ ಸಿಗಬೇಕಲ್ಲ! ಜರಿ ಅಂಚಿನ ಪಂಚೆ ಉಟ್ಟುಕೊಂಡು ಕುರ್ಚಿ ಹಾಕಿಸುತ್ತಿದ್ದ, ಮೈಕ್ ಪರೀಕ್ಷೆ ಮಾಡುತ್ತಿದ್ದ. "ಒಂದು ನಿಮಿಷ ಬಾರೋ" ಅಂದರೆ "ಆಮೇಲೆ ಅಕ್ಕ, ಆಮೇಲೆ" ಅಂತ ಓಡಿದ. ಎಷ್ಟೋ ವರ್ಷದಿಂದ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದವನು ಅಂದು ಎಲ್ಲರನ್ನೂ ಬಾಗಿಲಲ್ಲಿ ನಿಂತು ಎದುರುಗೊಳ್ಳುತ್ತಿದ್ದ. ಅವನ ಹೆಂಡತಿ ನನ್ನ ಕೈಗೆ ಎಳ್ಳುಬೆಲ್ಲದ ತಟ್ಟೆ ಕೊಟ್ಟು, "ಅತ್ತಿಗೆ, ನೀವೇ ದೊಡ್ಡವರು, ನೀವೇ ಬೀರಿ" ಅಂದಳು. ನಾನು ಒಬ್ಬೊಬ್ಬರ ಕೈಗೂ ಹಾಕುತ್ತಾ, ಎಳ್ಳುಬೆಲ್ಲ ತಿಂದು ಒಳ್ಳೇ ಮಾತಾಡಿ, ಎಳ್ಳುಬೆಲ್ಲ ತಿಂದು ಒಳ್ಳೇ ಮಾತಾಡಿ ಅಂತ ಹೇಳಿಕೊಂಡು ಹೋದೆ. ಕೊನೆಯಲ್ಲಿ ತಮ್ಮ ಒಂದು ಚಿಟಿಕೆ ತೆಗೆದು ನನ್ನ ಬಾಯಿಗೇ ಹಾಕಿ, "ಈಗ ನೀನು ಒಳ್ಳೇ ಮಾತಾಡು" ಅಂದ. ಎಲ್ಲರೂ ನಕ್ಕರು.

ಎದ್ದು ನಿಂತು ಓದಿದೆ. ದನಿ ಚೆನ್ನಾಗಿಯೇ ಬಂತು. ಔಷಧಿ ಓದಿದೆ, ಶಾಲೆ ಓದಿದೆ, ತೆರಿಗೆ ಓದಿದೆ. ವೀಸಾದ ಹಾಳೆಗೆ ಬಂದೆ. "ಈ ಮಕ್ಕಳ ಪರವಾದ ಮಸೂದೆಗೆ ಸಹಿ ಮಾಡಿದ್ದಾರೆ" ಅಂತ ಓದಿದೆ. ಅದರ ಕೆಳಗೆ ಅಡಿಗೆರೆ ಎಳೆದ ಸಾಲು. ತಲೆ ಎತ್ತಿದರೆ ಬಾಗಿಲ ಹತ್ತಿರ ತಮ್ಮ, ಎರಡೂ ಕೈ ಕಟ್ಟಿಕೊಂಡು, ಸ್ಕೂಲಿನಲ್ಲಿ ನನಗೆ ಬಹುಮಾನ ಬಂದಾಗ ನಿಂತ ಹಾಗೆ ನಿಂತಿದ್ದ. ಬಾಯಲ್ಲಿ ಬೆಲ್ಲದ ರುಚಿ ಇನ್ನೂ ಇತ್ತು. ಹಾಳೆ ತಿರುವಿದೆ. ಸಭಾಧ್ಯಕ್ಷರು ಯಾರೂ ತೆಗೆಯಿರಿ ಅನ್ನಲಿಲ್ಲ, ನಾನೇ ತೆಗೆದೆ.

ಚಪ್ಪಾಳೆ ಬಿತ್ತು. ಧಾರವಾಡದ ಕಡೆಯ ಒಬ್ಬ ಹಿರಿಯರು, ಮಗನ ಮನೆಯಲ್ಲಿದ್ದು ಸಿಟಿಜನ್ ಆದವರು, ಕೋಲೂರಿಕೊಂಡು ಬಂದು ಕೈ ಮುಗಿದರು. "ಅಕ್ಕಾರ, ಭಾಳ ಛಲೋ ಓದಿದ್ರಿ. ನಮ್ಮ ಮನೀದು ನಾಕು ಓಟು ಅವರಿಗೇ ಬಿಡ್ರಿ." ನಾನು ನಕ್ಕೆ. ಆ ನಗು ನನಗೇ ಹಿಡಿಸಲಿಲ್ಲ.

ಊಟಕ್ಕೆ ಒಬ್ಬೊಬ್ಬರ ಮನೆಯಿಂದ ಒಂದೊಂದು ಬಂದಿತ್ತು. ನಾನು ಹುಳಿಯನ್ನದ ತಟ್ಟೆ ಹಿಡಿದು ಹುಡುಗಿಯ ಪಕ್ಕ ಕೂತೆ. "ಲಾಯರ್ ಹತ್ರ ಅರ್ಜಿ ಎಲ್ಲಿಗೆ ಬಂತಮ್ಮ?" ಅಂದೆ, ಸುಮ್ಮನೆ, ಮಾತಿಗೆ.

ಅವಳು ಚಮಚ ಕೆಳಗಿಟ್ಟಳು. ಅಪ್ಪ ನಿಲ್ಲಿಸಿಬಿಟ್ಟರು ಅತ್ತೆ, ಅಂದಳು. ಕಾಲೇಜಿನಿಂದ ಒಂದು ಪತ್ರ ಬರಬೇಕಿತ್ತು, ಅದಕ್ಕೂ ಬರೆದಿಲ್ಲ. ಸ್ಟೂಡೆಂಟ್ ವೀಸಾ ಅಂದರೆ ಓದು ಮುಗಿದ ಮೇಲೆ ನನ್ನ ದೇಶಕ್ಕೆ ವಾಪಸ್ ಹೋಗ್ತೀನಿ ಅಂತ ಒಪ್ಪಿಕೊಳ್ಳಬೇಕಲ್ಲ, ಅದನ್ನು ಹೇಳಿಸೋಕೆ ಅಪ್ಪನಿಗೆ ಇಷ್ಟ ಇಲ್ಲ. ನನ್ನ ಮಗಳ ದೇಶ ಇದೇ, ಸುಳ್ಳು ಯಾಕೆ ಹೇಳಬೇಕು ಅಂತಾರೆ. ಮಸೂದೆ ಹೇಗೂ ಪಾಸಾಗತ್ತೆ, ಅವರ ರೆಕಾರ್ಡ್ ಪೂರ್ತಿ ಅತ್ತೆ ನೋಡಿದಾರೆ ಅಂದರು. ಇಷ್ಟು ಹೇಳಿ ಅವಳು ನನ್ನ ಮುಖ ನೋಡಿದಳು. ಕಾರಿನಲ್ಲಿ ನೋಡಿದ ನೋಟವೇ. "ನೀವು ನೋಡಿದೀರಲ್ಲ ಅತ್ತೆ?" ಅಂತ ಕೇಳುತ್ತಿತ್ತು ಅದು.

ಹುಟ್ಟುಹಬ್ಬಕ್ಕೆ ಒಂದು ತಿಂಗಳೂ ಇರಲಿಲ್ಲ. ಕಾಲೇಜಿನ ಪತ್ರಕ್ಕೇ ಎರಡು ಮೂರು ವಾರ ಬೇಕು. ಅಯ್ಯೋ ಪಾಪಿ, ಏನು ಮಾಡಿದೆ ನಾನು! ತಮ್ಮನನ್ನು ಹುಡುಕಿದರೆ ಅವನು ಆ ತುದಿಯಲ್ಲಿ ಮೂರು ಸಂಸಾರಗಳ ನಡುವೆ ನಿಂತು ನನ್ನ ಕಡೆಗೇ ಕೈ ತೋರಿಸಿ ಏನೋ ಹೇಳುತ್ತಿದ್ದ. ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಆದರೆ ನಲವತ್ತು ಜನ ನನ್ನ ಮಾತು ನಂಬಿ ಮನೆಗೆ ಹೊರಡುವುದರಲ್ಲಿದ್ದರು, ಆ ಅಜ್ಜನವರು ಆಗಲೇ ಕೋಟು ಹಾಕಿಕೊಳ್ಳುತ್ತಿದ್ದರು. ತಟ್ಟೆ ಇಟ್ಟು, ಕೈಯನ್ನೂ ಸರಿಯಾಗಿ ತೊಳೆಯದೆ, ಹೋಗಿ ಮೈಕ್ ತೆಗೆದುಕೊಂಡೆ.

"ಒಂದು ತಿದ್ದುಪಡಿ ಇದೆ" ಅಂದೆ. "ಆಗ ನಾನು ಒಂದು ಸಾಲು ಬಿಟ್ಟೆ. ಮರೆತು ಬಿಟ್ಟದ್ದಲ್ಲ, ಬೇಕೂಂತಲೇ ಬಿಟ್ಟೆ."

ತಮ್ಮ ತಿರುಗಿದ. "ಅಕ್ಕ, ಊಟ ಮಾಡು ಬಾ. ಸಾಕು."

"ಸಾಕಾಗಲಿಲ್ಲ ಕಣೋ."

"ಅಕ್ಕ!" ನಗುತ್ತಲೇ ಅಂದ, ಆದರೆ ಬಂದು ಮೈಕಿನ ಮೇಲೆ ಕೈ ಇಟ್ಟ. ನನ್ನ ಕಿವಿಯ ಹತ್ತಿರ, "ಎಲ್ಲರ ಮುಂದೆ ಮರ್ಯಾದೆ ತೆಗೀಬೇಡ. ಏನಿದ್ರೂ ಮನೇಲಿ ಹೇಳು" ಅಂದ. ಹಿಂದಿನಿಂದ ಒಂದು ದನಿ ಬಂತು.

"ಅಪ್ಪ, ಓದ್ಲಿ ಬಿಡಿ. ಅದು ನಂದು."

ಅವಳು ಕನ್ನಡದಲ್ಲಿ ಹೇಳಿದ್ದಳು. ತಮ್ಮನ ಕೈ ತಾನಾಗಿ ಸರಿಯಿತು. ಆ ಅಜ್ಜನವರು ಕೋಟಿನ ಒಂದು ತೋಳು ಹಾಕಿಕೊಂಡವರು ಹಾಗೇ ಕುರ್ಚಿಯಲ್ಲಿ ಕೂತು, "ಓದ್ರಿ ಅಕ್ಕಾರ. ಪೂರ್ತಿ ಓದ್ರಿ" ಅಂದರು.

ಓದಿದೆ. ತಿದ್ದುಪಡಿ ಏನು, ಯಾವಾಗ ಮತಕ್ಕೆ ಬಂತು, ಇವರು ಏನಂದರು, ಎಲ್ಲ ಓದಿದೆ. ಕಾರಣ ಇದ್ದಿರಬಹುದು, ನನಗೆ ಗೊತ್ತಿಲ್ಲ ಅಂತಲೂ ಹೇಳಿದೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಯಾರೋ ಮಗುವಿಗೆ ಬೂಟು ಹಾಕುತ್ತಿದ್ದ ಸದ್ದು ಮಾತ್ರ ಕೇಳುತ್ತಿತ್ತು. ತಮ್ಮ ಬಾಗಿಲು ತೆಗೆದು ಹೊರಗೆ ಹೋದ.

ಹಿಂದೆಯೇ ಹೋದೆ. ಕ್ಲಬ್‌ಹೌಸಿನ ಹಿಂದೆ ಈಜುಕೊಳ, ಚಳಿಗಾಲಕ್ಕೆ ಅದರ ಮೇಲೆ ಹೊದಿಕೆ ಎಳೆದಿದ್ದರು. ಅದರ ಕಬ್ಬಿಣದ ಬೇಲಿ ಹಿಡಿದು ನಿಂತಿದ್ದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಯಾವತ್ತು ಸಿಕ್ಕಿತು ಆ ಸಾಲು?" ಅಂದ.

"ಹೊಸ ವರ್ಷದ ಮಾರನೇ ದಿನ."

ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. "ನಾನು ಫೋನ್ ಮಾಡಿದ್ದು ಅದಾದ ಮೇಲೆ."

"ಹೌದು."

"ನಿನ್ನ ಫೋನ್ ಇಟ್ಟು ಐದು ನಿಮಿಷ ಆಗಿರಲಿಲ್ಲ, ಲಾಯರ್‌ಗೆ ಮಾಡಿ ನಿಲ್ಲಿಸಿ ಅಂದೆ."

"ಲಾಯರ್‌ಗೆ ನಿಲ್ಲಿಸಿ ಅಂದಿದ್ದು ನನಗೆ ಹೇಳ್ಲೇ ಇಲ್ಲವಲ್ಲೋ ನೀನು. ಹೇಳಿದ್ರೆ ನಾನು..."

"ಹೇಳಬೇಕಿತ್ತಾ?" ಅಂದ. "ರೆಕಾರ್ಡ್ ಹೇಗಿದೆ ಅಂತ ಕೇಳಿದೆ. ಚೆನ್ನಾಗಿದೆ ಅಂದೆ ನೀನು. ಆ ಮನುಷ್ಯರು ಕೈ ಹಿಡ್ಕೊಂಡು ಹೇಳಿದ್ದನ್ನ ನಾನು ಪೂರ್ತಿ ನಂಬಿರಲಿಲ್ಲ ಅಕ್ಕ. ಅದಕ್ಕೇ ನಿನ್ನ ಕೇಳಿದ್ದು."

ಅಭ್ಯರ್ಥಿ ಒಂದು ಸಾಲು ನುಂಗಿದರು ಅಂತ ನನಗೆ ಹೊಟ್ಟೆ ಉರಿದಿತ್ತು. ಅದೇ ಸಾಲನ್ನು ನಾನೂ ನುಂಗಿದ್ದೆ, ಅದೇ ಮನುಷ್ಯನ ಮುಂದೆ, ಅದೇ ಪ್ರೀತಿಯ ದನಿಯಲ್ಲಿ.

ಅವನು ಅಲ್ಲಿಂದಲೇ ಲಾಯರ್‌ಗೆ ಮೆಸೇಜ್ ಮಾಡಿದ. ಸೋಮವಾರ ಬೆಳಿಗ್ಗೆ ಹುಡುಗಿ ಕಾಲೇಜಿನ ಆಫೀಸಿನ ಬಾಗಿಲು ತೆಗೆಯುವ ಮುಂಚೆ ಹೋಗಿ ನಿಂತಳು. ಆ ನಾಲ್ಕು ವಾರ ಹೇಗೆ ಕಳೆಯಿತೋ ನನಗೇ ಗೊತ್ತು. ತಮ್ಮ ಫೋನ್ ಮಾಡಲಿಲ್ಲ, ನಾನು ಮಾಡಿದರೆ ಎತ್ತಲಿಲ್ಲ. ಸುದ್ದಿಯೆಲ್ಲ ಆಸ್ಟಿನ್‌ನಿಂದ ಹುಡುಗಿಯದೇ. ಪತ್ರ ಬಂದಿಲ್ಲ ಅತ್ತೆ. ಇವತ್ತೂ ಬಂದಿಲ್ಲ. ಒಂದು ಕಾಗದ ಕಡಿಮೆ ಇದೆಯಂತೆ. ನಾನು ಒಲೆ ಮೇಲೆ ಹಾಲಿಟ್ಟು ಫೋನ್ ನೋಡುತ್ತಾ ಎರಡು ಸಲ ಉಕ್ಕಿಸಿದೆ. ದೇವರ ಮುಂದೆ ಕೂತರೂ ಬಾಯಲ್ಲಿ ಶ್ಲೋಕ, ತಲೆಯಲ್ಲಿ ತಾರೀಖು. "ನೀನು ಹೇಳಿದ್ದಕ್ಕೇ ಅಲ್ಲವೇನೇ ಅರ್ಜಿ ಹೊರಟಿದ್ದು" ಅಂತ ನನ್ನ ಗಂಡ ಸಮಾಧಾನ ಮಾಡಲು ನೋಡಿದರು. "ನಾನು ಹೇಳದೆ ಇದ್ದದ್ದಕ್ಕೇ ರೀ ಅದು ನಿಂತಿದ್ದು" ಅಂದೆ.

ಹುಟ್ಟುಹಬ್ಬಕ್ಕೆ ಮೂರು ದಿನ ಇರುವಾಗ ಅರ್ಜಿ ಹೋಯಿತು. ಹುಡುಗಿಯ ಮೆಸೇಜ್ ಬಂತು. ವಾಪಸ್ ಹೋಗ್ತೀನಿ ಅಂತ ಸಹಿ ಹಾಕಿದೆ, ಅಪ್ಪ ಪಕ್ಕದಲ್ಲೇ ಕೂತಿದ್ದರು, ಆದರೆ ನೋಡಲಿಲ್ಲ ಅಂತ. ಇನ್ನು ಉತ್ತರ ಬರುವವರೆಗೆ ಅವಳು ಇಲ್ಲೇ ಇರಬಹುದು ಅಂತ ಲಾಯರ್ ಹೇಳಿದರಂತೆ. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಮಸೂದೆ ಆ ಚಳಿಗಾಲ ಮತಕ್ಕೇ ಬರಲಿಲ್ಲ.

ಮಾರನೇ ದಿನವೇ ಕಾಪೆಲ್‌ನಲ್ಲಿ ಮುಂಗಡ ಮತದಾನಕ್ಕೆ ಹೋದೆ. ಅದಕ್ಕೆ ಮುಂಚೆ ಉಳಿದ ಅಭ್ಯರ್ಥಿಗಳದ್ದೂ ಹಾಳೆ ಮಾಡಿ ಮುಗಿಸಿದ್ದೆ, ಎಡಗಡೆ ಹೇಳಿದ್ದು, ಬಲಗಡೆ ಮಾಡಿದ್ದು. ಉಳಿದವರಲ್ಲಿ ಒಬ್ಬರೂ ಈ ಮಕ್ಕಳ ವಿಷಯದಲ್ಲಿ ಸಹಿಯನ್ನೂ ಹಾಕಿರಲಿಲ್ಲ, ಬಾಯನ್ನೂ ಬಿಟ್ಟಿರಲಿಲ್ಲ. ಯಂತ್ರದ ಮುಂದೆ ಬಹಳ ಹೊತ್ತು ನಿಂತೆ. ಹಿಂದೆ ಕ್ಯೂನಲ್ಲಿದ್ದವರು ಕೆಮ್ಮಿದರು. ಕೊನೆಗೆ ಅದೇ ಅಭ್ಯರ್ಥಿಗೆ ಹಾಕಿದೆ. ಸಿಟ್ಟು ಇಟ್ಟುಕೊಂಡೇ ಹಾಕಿದೆ.

ಪಾರ್ಕಿಂಗ್‌ನಲ್ಲಿ ಕಾರು ಹತ್ತುವಾಗ ತಮ್ಮನ ಫೋನ್ ಬಂತು. ನಾಲ್ಕು ವಾರದ ಮೇಲೆ. ನನ್ನ ಕೈಯಿಂದ ಕೀ ಬಿದ್ದುಹೋಯಿತು.

"ಓಟು ಹಾಕಿದ್ಯಾ ಅಕ್ಕ?"

"ಈಗ ತಾನೇ."

"ಯಾರಿಗೆ?"

"ಅವರಿಗೇ ಕಣೋ" ಅಂದೆ. ಯಾಕೆ ಅಂತ ಕೇಳಿದ. ಉಳಿದವರ ವಿಷಯ ಹೇಳಿದೆ, ಒಬ್ಬೊಬ್ಬರದೂ, ಬಿಡದೆ. ಬಹಳ ಹೊತ್ತು ಹಿಡಿಯಿತು. ತಲೆಯ ಮೇಲೆ ಏರ್‌ಪೋರ್ಟಿಗೆ ಇಳಿಯುವ ವಿಮಾನ ಹೋದಾಗ ನಾನು ನಿಲ್ಲಿಸಿ, ಸದ್ದು ಕಳೆದ ಮೇಲೆ ಮತ್ತೆ ಮುಂದುವರಿಸಿದೆ.

"ಅಷ್ಟೇನಾ?" ಅಂದ.

"ಅಷ್ಟೇ. ಈ ಸಲ ಏನೂ ಬಿಟ್ಟಿಲ್ಲ."

"ಹ್ಞೂಂ" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಮೆತ್ತಗೇ ಇತ್ತು. "ಆ ಹಾಳೆಗಳು ಇದಾವಲ್ಲ ಅಕ್ಕ, ಎಲ್ಲಾ ಸ್ಕ್ಯಾನ್ ಮಾಡಿ ಕಳಿಸು. ನಾನೇ ಓದ್ಕೊಳ್ತೀನಿ."